ಕೋಲ್ಡ್ ಪ್ಲೇಟ್ ಲೀಕ್ ಆಗುತ್ತಿದೆಯಾ? ಪವರ್ ಮುಟ್ಟುವ ಮೊದಲು ಲೀಕ್ ಎಲ್ಲಿದೆ ನೋಡಿ

ಸರ್ವರ್ ಚಿಪ್ ತಣ್ಣಗಿಡುವ, ಒಳಗೆ ನೀರು ಹರಿಯುವ ಲೋಹದ ತಟ್ಟೆಯೇ ಕೋಲ್ಡ್ ಪ್ಲೇಟ್. ಲೇಸರ್‌ನಲ್ಲಿ ವೆಲ್ಡ್ ಮಾಡಿದ ಇಂಥ ಜಾಬ್ ಲೀಕ್ ಟೆಸ್ಟ್‌ನಲ್ಲಿ ಫೇಲ್ ಆದ ತಕ್ಷಣ ಎಲ್ಲರ ಕೈ ಹೋಗುವುದು ಲೇಸರ್ ಪವರ್ ಕಡೆಗೆ. 'ಇನ್ನೊಂದು 100 ವ್ಯಾಟ್ ಏರಿಸಿ ನೋಡೋಣ' ಅಂತ ಶುರುವಾಗುತ್ತದೆ. ಸಂಜೆ ಹೊತ್ತಿಗೆ ಪವರ್, ಸ್ಪೀಡ್, ಫೋಕಸ್, ವೆಲ್ಡ್‌ಗೆ ಗಾಳಿ ತಾಗದಂತೆ ಊದುವ ಗ್ಯಾಸ್ ಎಲ್ಲವೂ ಬದಲಾಗಿರುತ್ತವೆ. ಲೀಕ್ ಮಾತ್ರ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಯಾವ ಸೆಟ್ಟಿಂಗ್‌ನಲ್ಲಿ ಮಷೀನು ಓಡುತ್ತಿತ್ತು ಅನ್ನುವುದೂ ಆಗ ಯಾರಿಗೂ ನೆನಪಿರುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಲೀಕ್ ಎಲ್ಲಿದೆ, ಯಾವಾಗ ಬರುತ್ತದೆ ಅನ್ನುವುದು ಗೊತ್ತಾಗುವವರೆಗೆ ಪ್ಯಾರಾಮೀಟರ್ ಪುಟ ತೆರೆಯಲೇಬಾರದು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಇಂಥ ಕೆಲಸ ಹಿಡಿದಿರುವವರಿಗೆ, ಹೊಸದಾಗಿ ಲೇಸರ್ ಮಷೀನಿನ ಮುಂದೆ ನಿಂತಿರುವವರಿಗೆ ಉಪಯೋಗವಾಗಲಿ ಅಂತ, ನಾವು ನೋಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಈಗಿನ ದೊಡ್ಡ ಎಐ ಸರ್ವರ್ ರ‍್ಯಾಕ್‌ಗಳ ಬಿಸಿಯನ್ನು ಬರೀ ಫ್ಯಾನ್ ಹಾಕಿ ತೆಗೆಯಲು ಆಗುವುದಿಲ್ಲ. ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ಅನ್ನುವ ಒಂದೇ ರ‍್ಯಾಕ್ ಸುಮಾರು 120 ಕಿಲೋವ್ಯಾಟ್ ತಿನ್ನುತ್ತದೆ. ಹಾಗಾಗಿ ಚಿಪ್ ಮೇಲೆ ತಾಮ್ರದ ಕೋಲ್ಡ್ ಪ್ಲೇಟ್ ಕೂರಿಸುತ್ತಾರೆ. ಅದರೊಳಗೆ ಕಾಗದದಷ್ಟು ತೆಳುವಾದ ಫಿನ್‌ಗಳಿರುತ್ತವೆ. ಅವುಗಳ ನಡುವೆ ನೀರು ಹರಿಯುತ್ತದೆ, ಹೆಚ್ಚಾಗಿ 25% ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ್ದು. ರ‍್ಯಾಕ್ ಹಿಂಭಾಗದಲ್ಲಿ ನೀರು ಹಂಚಲು ಸ್ಟೇನ್‌ಲೆಸ್ ಸ್ಟೀಲ್ ಮ್ಯಾನಿಫೋಲ್ಡ್ ನಿಂತಿರುತ್ತದೆ. ಮುಚ್ಚಳ, ಪೋರ್ಟ್ (ನೀರು ಒಳಹೊರಗೆ ಹೋಗುವ ಬಾಯಿ), ಮ್ಯಾನಿಫೋಲ್ಡ್ ಕವಲು, ಇಲ್ಲೆಲ್ಲ ಬ್ರೇಜಿಂಗ್ (ನಡುವೆ ಬೇರೆ ಲೋಹ ಕರಗಿಸಿ ಅಂಟಿಸುವುದು) ಬದಲು ಲೇಸರ್ ವೆಲ್ಡಿಂಗ್ ಜಾಸ್ತಿ ಆಗುತ್ತಿದೆ. ಒಂದು ಹನಿ ಸೋರಿದರೂ ಕೆಳಗಿರುವುದು ಲಕ್ಷಗಟ್ಟಲೆ ಬೆಲೆಯ ಬೋರ್ಡ್. ಗಿರಾಕಿ ಲೀಕ್ ರಿಪೋರ್ಟ್ ಅಷ್ಟು ಕಟ್ಟುನಿಟ್ಟಾಗಿ ಕೇಳುವುದು ಅದಕ್ಕೇ.

ಮೊದಲು ಟೆಸ್ಟನ್ನೇ ಅನುಮಾನಿಸಿ

ಫೇಲ್ ಆದ ಜಾಬ್‌ಗಳಲ್ಲಿ ಒಂದಷ್ಟು ನಿಜವಾಗಿ ಲೀಕೇ ಇರುವುದಿಲ್ಲ. ಗಾಳಿ ತುಂಬಿ ಒತ್ತಡ ಎಷ್ಟು ಇಳಿಯುತ್ತದೆ ಅಂತ ನೋಡುವ ಪ್ರೆಷರ್ ಡಿಕೇ ಟೆಸ್ಟ್‌ನಲ್ಲಂತೂ ಇದು ಮಾಮೂಲಿ. ಲೆಕ್ಕ ಹಾಕಿ ನೋಡಿ. ಗೇಜ್ 4 ಬಾರ್ ಅಂದರೆ ಒಳಗಿನ ನಿಜವಾದ ಒತ್ತಡ ಸುಮಾರು 5 ಬಾರ್. ಒಳಗಿನ ಗಾಳಿ 1 ಡಿಗ್ರಿ ತಣ್ಣಗಾದರೆ ಸಾಕು, ಒತ್ತಡ ಸುಮಾರು 17 ಮಿಲಿಬಾರ್ ಇಳಿಯುತ್ತದೆ. ಈಗ ಒಳಗಿನ ಜಾಗ 100 ಮಿ.ಲೀ. ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 0.001 ಮಿಲಿಬಾರ್-ಲೀಟರ್ ಸೋರುವ ನಿಜವಾದ ತೂತಿದ್ದರೆ ಒಂದು ನಿಮಿಷಕ್ಕೆ ಇಳಿಯುವುದು ಕೇವಲ 0.6 ಮಿಲಿಬಾರ್. ವೆಲ್ಡ್ ಆಗಿ ಇನ್ನೂ ಬೆಚ್ಚಗಿರುವ ಜಾಬನ್ನು ಟೆಸ್ಟ್ ಬೆಂಚಿಗೆ ಹಾಕಿದರೆ ನಾವು ಅಳೆಯುತ್ತಿರುವುದು ಲೀಕನ್ನಲ್ಲ, ಜಾಬ್ ತಣ್ಣಗಾಗುವುದನ್ನು. ಜಾಬು ಮುಟ್ಟಿದರೆ ಬೆಂಚಿನಷ್ಟೇ ತಣ್ಣಗಿರಬೇಕು. ಬೆಂಚಿನ ಮೇಲೆ ಫ್ಯಾನ್ ಗಾಳಿಯೋ ಬಿಸಿಲೋ ಬೀಳುತ್ತಿರಬಾರದು. ಗಾಳಿ ತುಂಬಿದ ಮೇಲೆ ಒತ್ತಡ ನೆಲೆ ನಿಲ್ಲಲು ಸಾಕಷ್ಟು ಟೈಮ್ ಕೊಡಬೇಕು. ಆಮೇಲೆ ಬಂದ ರೀಡಿಂಗ್ ಮಾತ್ರ ನಂಬಿ.

ಹೀಲಿಯಂ ಟೆಸ್ಟ್ (ಜಾಬಿನೊಳಗಿನ ಗಾಳಿ ಎಳೆದು, ಹೊರಗಿಂದ ಹೀಲಿಯಂ ಬಿಟ್ಟು, ಒಳಗೆ ನುಗ್ಗಿದ್ದನ್ನು ಮೀಟರ್‌ನಲ್ಲಿ ಹಿಡಿಯುವುದು) ಇದಕ್ಕಿಂತ ಎಷ್ಟೋ ಸೂಕ್ಷ್ಮ, ಆದರೆ ಅದೂ ಸುಳ್ಳು ಹೇಳುತ್ತದೆ. ಹೀಲಿಯಂ ರಬ್ಬರ್ ಒಳಗಿಂದ ನಿಧಾನಕ್ಕೆ ತೂರಿ ಬರುತ್ತದೆ. ಪೋರ್ಟ್‌ಗೆ ಹಾಕಿದ ರಬ್ಬರ್ ಓ-ರಿಂಗ್‌ನಿಂದ ಬಂದ ಸಿಗ್ನಲ್ ಮೆಲ್ಲಗೆ ಏರುತ್ತದೆ. ನಿಜವಾದ ಪಿನ್‌ಹೋಲ್ (ಸೂಜಿಮೊನೆಯಂಥ ತೂತು) ಆದರೆ ಹೀಲಿಯಂ ತಾಗಿದ ಕೆಲವೇ ಸೆಕೆಂಡಿನಲ್ಲಿ ಮುಳ್ಳು ಎಗರುತ್ತದೆ. ಸ್ಪ್ರೇ ಮಾಡುವಾಗ ಜಾಬಿನ ಮೇಲ್ಭಾಗದಿಂದ ಶುರುಮಾಡಿ, ಕೆಳಕ್ಕೆ ಬನ್ನಿ. ಹೀಲಿಯಂ ಹಗುರ, ಮೇಲೇರುತ್ತದೆ. ಕೆಳಗೆ ಮೊದಲು ಬಿಟ್ಟರೆ ಮೇಲಿನ ತೂತೇ ಮೊದಲು ಕೂಗುತ್ತದೆ, ಆಗ ನೀವು ತಪ್ಪು ಜಾಗಕ್ಕೆ ಮಾರ್ಕರ್ ಗುರುತು ಹಾಕುತ್ತೀರಿ.

ಇನ್ನೊಂದು ಸಂಗತಿ, ಇದನ್ನು ಗೋಡೆಗೆ ಬರೆದು ಹಾಕಿದರೂ ತಪ್ಪಿಲ್ಲ: ಹೀಲಿಯಂ ಟೆಸ್ಟ್‌ಗೆ ಮೊದಲು ಜಾಬನ್ನು ನೀರಿಗೆ ಮುಳುಗಿಸಬೇಡಿ. ಸಣ್ಣ ತೂತಿಗೆ ನೀರು ಹೋಗಿ ಕೂತರೆ ಅದೇ ಬಿರಡೆಯಾಗುತ್ತದೆ. ಹೀಲಿಯಂನಲ್ಲಿ ಪಾಸ್ ಆಗುತ್ತದೆ, ಗಿರಾಕಿ ಕಡೆ ಒಣಗಿದ ಮೇಲೆ ಲೀಕ್ ಆಗುತ್ತದೆ. 'ನಮ್ಮಲ್ಲಿ ಪಾಸ್, ಅವರಲ್ಲಿ ಫೇಲ್' ಅನ್ನುವ ಜಗಳ ಎಷ್ಟೋ ಸಲ ಇಷ್ಟಕ್ಕೇ ನಡೆಯುತ್ತದೆ. ನೀರಿಗೆ ಮುಳುಗಿಸಿ ಗುಳ್ಳೆ ನೋಡಲೇಬೇಕು ಅಂದರೆ ಹೀಲಿಯಂ ಆದ ಮೇಲೆ ನೋಡಿ.

ಲೀಕ್ ಎಲ್ಲಿದೆ

ಜಾಬ್‌ಗಳನ್ನು ಒಂದೊಂದಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಪ್ಲೇಟ್‌ನ ಚಿತ್ರ ಒಂದು ಹಾಳೆ ಮೇಲೆ ಬರೆದು, ಫೇಲ್ ಆದ ಪ್ರತಿ ಜಾಬಿನ ಲೀಕನ್ನೂ ಅದೇ ಚಿತ್ರದ ಮೇಲೆ ಚುಕ್ಕಿ ಇಡುತ್ತಾ ಹೋಗಿ. ಹತ್ತಿಪ್ಪತ್ತು ಚುಕ್ಕಿ ಬೀಳುವಷ್ಟರಲ್ಲಿ ಒಂದು ಆಕಾರ ಕಾಣುತ್ತದೆ.

ಚುಕ್ಕಿಗಳೆಲ್ಲ ವೆಲ್ಡ್ ಶುರುವಾಗಿ ಮುಗಿಯುವ ಜಾಗದಲ್ಲೇ ಬಿದ್ದಿದ್ದರೆ, ನೋಡಬೇಕಾದ್ದು ಕೊನೆ. ಲೇಸರ್ ಕರಗಿದ ಲೋಹದಲ್ಲಿ ಒಂದು ಆಳವಾದ ತೂತು ಕೊರೆದುಕೊಂಡು ಹೋಗುತ್ತದೆ, ಕೀಹೋಲ್ ಅನ್ನುತ್ತೇವೆ. ಕೊನೆಯಲ್ಲಿ ಬೀಮ್ ಗಕ್ಕನೆ ಆಫ್ ಆದರೆ ಆ ತೂತು ಮೇಲಿಂದ ಮುಚ್ಚಿಕೊಂಡು ಕೆಳಗೆ ಗುಳ್ಳೆ ಉಳಿಯುತ್ತದೆ. ಅದಕ್ಕೇ ಕೊನೆಯಲ್ಲಿ ಪವರನ್ನು ಮೆಲ್ಲಗೆ ಇಳಿಸಬೇಕು. ಶುರುವಿನ ಸೀಮ್ (ವೆಲ್ಡ್ ಗೆರೆ) ಮೇಲೆ ಕೆಲವು ಮಿ.ಮೀ. ದಾಟಿ ಹೋದ ಮೇಲೆ ಇಳಿಸಬೇಕು. ಈ ಜೋಡಣೆಯನ್ನು ಮೂಲೆಯಲ್ಲಿ ಇಡಬಾರದು, ನೇರ ಗೆರೆಯ ನಡುವೆ ಇಡಬೇಕು.

ಇದೇ ಜಾಗದಲ್ಲಿ ಇನ್ನೊಂದು ಕಳ್ಳ ಕಾರಣವಿದೆ. ಧೂಳು ಬೀಳದಿರಲಿ ಅಂತ ಯಾರೋ ಎರಡೂ ಪೋರ್ಟಿಗೆ ಕ್ಯಾಪ್ ಹಾಕಿರುತ್ತಾರೆ. ಸುತ್ತಲೂ ವೆಲ್ಡ್ ಆಗುತ್ತಾ ಬಂದಂತೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಹೋಗಲು ಉಳಿದಿರುವ ದಾರಿ ಒಂದೇ, ಕೊನೆಗೆ ಮುಚ್ಚುವ ಆ ಚೂರು. ಅಲ್ಲಿಂದ ಕರಗಿದ ಲೋಹವನ್ನು ಊದಿಕೊಂಡು ಹೊರಬರುತ್ತದೆ. ಎಷ್ಟು ಪವರ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಕ್ಯಾಪ್ ತೆಗೆದರೆ ಆಯಿತು.

ಚುಕ್ಕಿಗಳು ಮೂಲೆಗಳಲ್ಲೇ ಇವೆಯಾ? ಮೂಲೆ ತಿರುಗುವಾಗ ಲೇಸರ್ ತಲೆಯನ್ನು ಓಡಿಸುವ ರೋಬೋ ಆಗಲಿ ಗ್ಯಾಂಟ್ರಿ ಆಗಲಿ ನಿಧಾನವಾಗುತ್ತದೆ. ಪವರ್ ಮಾತ್ರ ಅಷ್ಟೇ ಇದ್ದರೆ ಅಲ್ಲಿ ಬಿಸಿ ಜಾಸ್ತಿಯಾಗಿ ಕುಸಿಯುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಪವರನ್ನು ಸ್ಪೀಡಿಗೆ ಕಟ್ಟುವ ಆಯ್ಕೆ ಕಂಟ್ರೋಲರ್‌ನಲ್ಲಿ ಇದ್ದರೆ ಆನ್ ಮಾಡಿ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಸ್ಪೀಡ್ ಕಾಪಾಡಲು ಪ್ರೋಗ್ರಾಮ್ ಮೂಲೆಯನ್ನು ಸವರಿಕೊಂಡು ಒಳಗಿಂದ ಹೋಗುತ್ತದೆ, ಬೀಮ್ ಜಾಯಿಂಟ್ ಬಿಟ್ಟು ಪಕ್ಕಕ್ಕೆ ಬೀಳುತ್ತದೆ. ಸೀಮ್ ಮೇಲಿಂದ ಚೆನ್ನಾಗೇ ಕಾಣುತ್ತದೆ, ಕೆಳಗೆ ಜಾಯಿಂಟ್ ಕರಗಿಯೇ ಇರುವುದಿಲ್ಲ.

ಎಲ್ಲೆಂದರಲ್ಲಿ ಚುಕ್ಕಿ ಚೆಲ್ಲಿದಂತಿದ್ದರೆ ಕೊಳೆ, ತೇವ ಅಥವಾ ಮೆಟೀರಿಯಲ್. ಸೀಮ್‌ನ ನಡುಗೆರೆ ಹಿಡಿದು ಉದ್ದಕ್ಕೆ ಕೂದಲೆಳೆ ಬಿರುಕಿದ್ದರೆ ಲೋಹದ ಗ್ರೇಡ್ ಮೊದಲ ಅನುಮಾನ. ಒಂದೇ ಪಕ್ಕದಲ್ಲಿದ್ದರೆ ಮುಂದಿನ ಭಾಗ ಓದಿ. ಇನ್ನು ಲೀಕ್ ವೆಲ್ಡ್‌ನಲ್ಲೇ ಇರದೆ ಪೋರ್ಟಿನ ಥ್ರೆಡ್‌ನಲ್ಲೋ ಬ್ರೇಜ್ ಆದ ಜಾಗದಲ್ಲೋ ಇದ್ದರೆ, ವೆಲ್ಡರ್‌ನನ್ನು ಬಿಟ್ಟುಬಿಡಿ ಪಾಪ.

ಜಾಬ್ ತಿರುಗಿಸಿ ಹಾಕಿ

ಕಾಸಿಲ್ಲದ ಪರೀಕ್ಷೆ ಇದು. ಆದರೂ ಜನ ಮಾಡುವುದಿಲ್ಲ.

ಒಂದು ತಾಮ್ರದ ಪ್ಲೇಟು. 1 ಮಿ.ಮೀ. ಮುಚ್ಚಳ ಬಾಡಿಯ ಅಂಚಿನ ಮೇಲೆ ಕೂರುವ ಲ್ಯಾಪ್ ಜಾಯಿಂಟ್. ಲೀಕ್ ಯಾವಾಗಲೂ ಬಲಗಡೆಯ ಉದ್ದ ಪಕ್ಕದಲ್ಲಿ. ಬಾಡಿಯ ಮಷೀನಿಂಗ್ ಸರಿಯಿಲ್ಲ ಅಂತ ಒಬ್ಬರು, ಗ್ಯಾಸ್ ಆ ಕಡೆ ತಲುಪುತ್ತಿಲ್ಲ ಅಂತ ಇನ್ನೊಬ್ಬರು. ಜಾಬಿನ ಬಲಗಡೆಗೆ ಮಾರ್ಕರ್‌ನಲ್ಲಿ ಗೀಟು ಹಾಕಿ, 180 ಡಿಗ್ರಿ ತಿರುಗಿಸಿ, ಜಾಬ್ ಹಿಡಿದಿಡುವ ಫಿಕ್ಸ್ಚರ್‌ಗೆ ಹಾಕಿದೆವು. ಲೀಕ್ ಗೀಟಿನ ಜೊತೆ ಎಡಕ್ಕೆ ಹೋಗಿದ್ದರೆ ಜಾಬಿನ ತಪ್ಪು. ಹೋಗಲಿಲ್ಲ, ಮಷೀನಿನ ಬಲಗಡೆಯೇ ಉಳಿಯಿತು. ಅಲ್ಲಿಗೆ ಬಾಡಿಯ ಮಾತು ಮುಗಿಯಿತು.

ಆಮೇಲೆ ವೆಲ್ಡ್ ಮಾಡದೆ ಸುಮ್ನೆ ಕ್ಲ್ಯಾಂಪ್ ಮಾಡಿ, ಮುಚ್ಚಳದ ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದೆವು. ಎಡಗಡೆ 0.05 ಮಿ.ಮೀ. ಬ್ಲೇಡ್ ಕೂಡ ಹೋಗಲಿಲ್ಲ. ಬಲಗಡೆ 0.15 ಸಲೀಸಾಗಿ ಹೋಯಿತು. ಬಲಗಡೆಯ ಕ್ಲ್ಯಾಂಪ್ ಪ್ಯಾಡ್ ಸವೆದಿತ್ತು. ಮೇಲಿಂದ ನೋಡಿದರೆ ಮುಚ್ಚಳ ಪೂರ್ತಿ ಕೂತ ಹಾಗೇ ಕಾಣುತ್ತಿತ್ತು. ಲೇಸರ್ ವೆಲ್ಡಿಂಗ್‌ನಲ್ಲಿ ತೆಳು ಭಾಗದ ದಪ್ಪದ ಹತ್ತನೇ ಒಂದು ಪಾಲಿಗಿಂತ ಗ್ಯಾಪ್ ಜಾಸ್ತಿಯಾದರೆ ಕಷ್ಟ. 1 ಮಿ.ಮೀ.ಗೆ 0.1 ಅಂತ ಇಟ್ಟುಕೊಳ್ಳಿ. ತೆಳುವಾದ ಬೀಮ್, ತುಂಬಿಕೊಡಲು ಫಿಲ್ಲರ್ ವೈರ್ ಇಲ್ಲ. ಟಿಗ್ ವೆಲ್ಡಿಂಗ್ ಮಾಡಿ ಅಭ್ಯಾಸವಿರುವವರು ಈ ಗ್ಯಾಪನ್ನು ಏನಂತಲೂ ಲೆಕ್ಕಕ್ಕೆ ಇಡುವುದಿಲ್ಲ, ಲೇಸರ್‌ಗೆ ಬಂದಾಗ ಇಲ್ಲೇ ಎಡವುತ್ತಾರೆ.

ತಿರುಗಿಸಿದಾಗ ಲೀಕ್ ಮಷೀನಿನ ಜೊತೆ ಉಳಿಯಿತು, ಆದರೆ ಗ್ಯಾಪ್ ಇಲ್ಲ ಅಂತಾದರೆ ಫಿಕ್ಸ್ಚರ್‌ನ ಸಮಮಟ್ಟ ನೋಡಿ. ಒಂದು ಪಕ್ಕ ಅರ್ಧ ಮಿ.ಮೀ. ತಗ್ಗಿದ್ದರೂ ಸಣ್ಣ ಬೀಮ್‌ಗೆ ಫೋಕಸ್ ತಪ್ಪಬಹುದು. ಆಮೇಲೆ ಗ್ಯಾಸ್ ನಳಿಕೆಯ ಕೋನ. ನಳಿಕೆ ಹಿಂದಿನಿಂದ ಊದುತ್ತಿದ್ದದ್ದು ತಲೆ ತಿರುಗಿಸದೆ ವಾಪಸ್ ಬರುವಾಗ ಮುಂದಿನಿಂದ ಊದುತ್ತದೆ ಅಲ್ವಾ? ಹೋಗುವ ಪಕ್ಕ ಚೆನ್ನಾಗಿ, ಬರುವ ಪಕ್ಕ ಕಪ್ಪಾಗಿ ಬರುವುದಕ್ಕೆ ಕಾರಣ ಅದು. ಗ್ಯಾಸ್ ಜಾಸ್ತಿ ಬಿಟ್ಟರೆ ಒಳ್ಳೆಯದು ಅನ್ನುವುದೂ ತಪ್ಪು. ರಭಸ ಹೆಚ್ಚಾದರೆ ಅದು ಪಕ್ಕದ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ.

ಯಾವಾಗ ಬರುತ್ತದೆ

ಬೆಳಿಗ್ಗೆ ಚೆನ್ನಾಗಿ ಓಡಿ, ಗಂಟೆ ಕಳೆದಂತೆ ಹಾಳಾಗುತ್ತಾ ಹೋದರೆ ಏನೋ ಬಿಸಿಯಾಗುತ್ತಿದೆ ಅಂತ. ಮೊದಲು ತಲೆಯ ಕೆಳಗಿನ ಪ್ರೊಟೆಕ್ಷನ್ ಗ್ಲಾಸ್ ತೆಗೆದು, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಅದರ ಮೇಲೆ ಸ್ಪ್ಯಾಟರ್‌ನ (ವೆಲ್ಡ್‌ನಿಂದ ಸಿಡಿದ ಲೋಹದ) ಒಂದು ಚುಕ್ಕಿ, ಹೊಗೆಯ ಮಬ್ಬು ಇದ್ದರೂ ಗ್ಲಾಸ್ ಬಿಸಿಯಾಗಿ ಫೋಕಸ್ ಜಾರುತ್ತದೆ. ಪ್ಯಾನೆಲ್ ಮೇಲೆ ಪವರ್ ಅಷ್ಟೇ ತೋರಿಸುತ್ತದೆ, ಜಾಬಿಗೆ ತಲುಪುವುದು ಬೇರೆ. ಪವರ್ ಮೀಟರ್ ಇದ್ದರೆ ತಲೆಯ ಕೆಳಗೆ, ಜಾಬ್ ಇರುವ ಜಾಗದಲ್ಲೇ ಅಳೆಯಿರಿ. ಗ್ಲಾಸ್ ಹೊಸದು ಹಾಕಿಯೂ ಹೀಗೇ ಆದರೆ ಒಳಗಿನ ಲೆನ್ಸ್, ಆಮೇಲೆ ಮಷೀನ್ ತಣ್ಣಗಿಡುವ ಚಿಲ್ಲರ್. ಫಿಕ್ಸ್ಚರ್ ಕೂಡ ಬಿಸಿಯಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ತದ್ವಿರುದ್ಧವಾಗಿ ಮೊದಲ ಕೆಲವು ಜಾಬ್ ಕೆಟ್ಟು ಆಮೇಲೆ ಸರಿಹೋದರೆ, ಅದರಲ್ಲೂ ಸೋಮವಾರ ಬೆಳಿಗ್ಗೆ, ಗ್ಯಾಸ್ ಪೈಪ್ ಕಡೆ ನೋಡಿ. ರಜೆಯಲ್ಲಿ ಪೈಪಿನೊಳಗೆ ಗಾಳಿ, ತೇವ ಸೇರಿರುತ್ತದೆ. ವೆಲ್ಡ್ ಶುರುಮಾಡುವ ಮೊದಲು ಸ್ವಲ್ಪ ಹೊತ್ತು ಗ್ಯಾಸ್ ಬಿಟ್ಟು ಪೈಪ್ ತೊಳೆಯಬೇಕು. ಹೊಸ ಸಿಲಿಂಡರ್ ಹಾಕಿದ ದಿನದಿಂದ ಶುರುವಾಯಿತಾ? ಹೊಸ ಲಾಟ್ ಮೆಟೀರಿಯಲ್ ಬಂದ ದಿನದಿಂದಾ? ವಾಷಿಂಗ್ ಟ್ಯಾಂಕ್ ಕೆಮಿಕಲ್ ಬದಲಿಸಿದ ಮೇಲಾ? ಪ್ರಶ್ನೆ ಕೇಳಬೇಕಾದ್ದು ಸ್ಟೋರ್ಸ್‌ನವರನ್ನೂ ವಾಷಿಂಗ್‌ನವರನ್ನೂ. 'ಏನೂ ಬದಲಾಗಿಲ್ಲ ಸಾರ್' ಅನ್ನುವ ಉತ್ತರ ಮೊದಲು ಬರುತ್ತದೆ. ರಿಜಿಸ್ಟರ್ ತೆಗೆಸಿ ನೋಡಿ.

ಕತ್ತರಿಸದೆ ತೀರ್ಮಾನ ಬೇಡ

ಗುರುತು ಹಾಕಿದ ಲೀಕ್ ಜಾಗದಲ್ಲಿ ಅಡ್ಡಕ್ಕೆ ಕತ್ತರಿಸಿ (ಸೆಕ್ಷನ್ ಅನ್ನುತ್ತೇವೆ), ಪಾಲಿಶ್ ಮಾಡಿ, ಎಚಿಂಗ್ ಮಾಡಿ (ವೆಲ್ಡ್‌ನ ಆಕಾರ ಕಾಣುವಂತೆ ರಾಸಾಯನಿಕ ಹಚ್ಚಿ) ನೋಡಿ. ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ಸಾಕು, ಅಲ್ಯೂಮಿನಿಯಂಗೆ ಕಾಸ್ಟಿಕ್ ಸೋಡಾ ದ್ರಾವಣ. ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ. ಗುಂಡಗೆ ನುಣುಪಾಗಿರುವ ಗುಳ್ಳೆ ಅಂದರೆ ಗ್ಯಾಸ್, ಅಂದರೆ ತೇವ, ಎಣ್ಣೆ, ಮೆಟೀರಿಯಲ್. ಅಂಕುಡೊಂಕಾದ ದೊಡ್ಡ ಗುಳ್ಳೆ ವೆಲ್ಡಿನ ತಳದಲ್ಲಿ ಕೂತಿದ್ದರೆ ಕೀಹೋಲ್ ಕುಸಿದಿದೆ. ಆಳ ಸಾಲದಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಪವರ್, ಸ್ಪೀಡ್ ಬದಲಿಸುವ ಮಾತು ಈಗ ಬರಬಹುದು. ಅದೂ ಒಂದು ಸಲಕ್ಕೆ ಒಂದೇ ಬದಲಾವಣೆ.

ತಾಮ್ರ

ತಲೆನೋವಿನ ದೊಡ್ಡ ಪಾಲು ಇಲ್ಲಿದೆ. ಮಾಮೂಲಿ ಫೈಬರ್ ಲೇಸರ್‌ನ ಬೆಳಕು 1070 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್. ಹೊಳೆಯುವ ತಣ್ಣನೆ ತಾಮ್ರ ಅದರಲ್ಲಿ ಹೀರುವುದು 5% ಸುತ್ತಮುತ್ತ, ಉಳಿದದ್ದನ್ನೆಲ್ಲ ವಾಪಸ್ ಎಸೆಯುತ್ತದೆ. ಹೀರಿದ ಅಷ್ಟನ್ನೂ ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಬಿಸಿಯನ್ನು ಸುತ್ತ ಹರಡಿಬಿಡುತ್ತದೆ. ಕರಗಿದ ಮೇಲೆ, ಕೀಹೋಲ್ ಆದ ಮೇಲೆ ಮಾತ್ರ ಹೀರುವುದು ಒಮ್ಮೆಗೇ ಏರುತ್ತದೆ.

ಇದರಿಂದ ಆಗುವುದೇನು ಅಂದರೆ ಒಂದೇ ಸೀಮ್‌ನಲ್ಲಿ ಎರಡು ತರದ ವೆಲ್ಡ್. ಶುರುವಿನ ಕೆಲವು ಮಿ.ಮೀ. ಆಳವೇ ಇರುವುದಿಲ್ಲ. ಸುತ್ತು ಮುಗಿಯುವಷ್ಟರಲ್ಲಿ ಪ್ಲೇಟ್ ಪೂರ್ತಿ ಕಾದು, ಅದೇ ಪವರ್‌ಗೆ ವೆಲ್ಡ್ ತುಂಬ ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ಸೆಕ್ಷನ್ ಕತ್ತರಿಸುವಾಗ ಶುರುವಿನಲ್ಲೊಂದು, ಕೊನೆಯಲ್ಲೊಂದು ಕತ್ತರಿಸಿ. ವ್ಯತ್ಯಾಸ ಕಂಡರೆ ಒಟ್ಟು ಪವರ್ ಏರಿಸಬೇಡಿ. ಶುರುವಿನಲ್ಲಿ ಮಾತ್ರ ಏರಿಸಿ, ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಎರಡು ಜಾಬ್ ನಡುವೆ ಫಿಕ್ಸ್ಚರ್ ಎಷ್ಟು ಬಿಸಿಯಿದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಮೇಲ್ಮೈ ಇನ್ನೊಂದು. ಒಂದು ಲಾಟ್ ಕನ್ನಡಿಯಂತೆ ಹೊಳೆಯುತ್ತದೆ, ಇನ್ನೊಂದು ಮಾಸಲು ಕಂದು. ಮಾಸಲು ತಾಮ್ರ ಬೆಳಕನ್ನು ಜಾಸ್ತಿ ಹೀರುತ್ತದೆ. ಸೆಟ್ಟಿಂಗ್ ಒಂದೇ, ಆಳ ಬೇರೆ ಬೇರೆ. ಅದಕ್ಕೆ ಎಲ್ಲ ಜಾಬನ್ನೂ ಒಂದೇ ರೀತಿ ಕ್ಲೀನ್ ಮಾಡಿ, ಒಂದೇ ಸ್ಥಿತಿಗೆ ತಂದು ವೆಲ್ಡ್ ಮಾಡುವುದು ಒಳ್ಳೆಯದು. ಕೈಗವಸು ಇಲ್ಲದೆ ಮುಟ್ಟಿದ ಬೆರಳಚ್ಚಿನ ಜಾಗದಲ್ಲಿ ಸ್ಪ್ಯಾಟರ್ ಹಾರುವುದನ್ನು ಬೇಕಾದರೆ ನೀವೇ ಪರೀಕ್ಷೆ ಮಾಡಿ ನೋಡಬಹುದು.

ಗುಂಡು ಗುಳ್ಳೆಗಳು ಸೀಮ್ ತುಂಬ ಇದ್ದರೆ ಮೆಟೀರಿಯಲ್ ಸರ್ಟಿಫಿಕೇಟ್ ತೆಗೆಯಿರಿ. ಬಿಲ್‌ನಲ್ಲಿ ಬರೀ 'ತಾಮ್ರ' ಅಂತಿದ್ದರೆ ಸಾಲದು. ಸಿ11000 ಅನ್ನುವ ಮಾಮೂಲಿ ಎಲೆಕ್ಟ್ರಿಕಲ್ ತಾಮ್ರದಲ್ಲಿ ಆಕ್ಸಿಜನ್ ಇರುತ್ತದೆ. ಕರಗಿದಾಗ ತೇವದಿಂದಲೋ ಎಣ್ಣೆಯಿಂದಲೋ ಬಂದ ಹೈಡ್ರೋಜನ್ ಜೊತೆ ಸೇರಿ ಅದು ನೀರಾವಿಯಾಗುತ್ತದೆ. ಆ ಆವಿ ಲೋಹದೊಳಗೇ ಸಿಕ್ಕಿಕೊಂಡರೆ ಗುಳ್ಳೆ. ಲೀಕ್ ನಿಲ್ಲಬೇಕಾದ ಕೆಲಸಕ್ಕೆ ಆಕ್ಸಿಜನ್ ಇಲ್ಲದ ಸಿ10200 ಬೇಕು, ಇಲ್ಲವೇ ಫಾಸ್ಫರಸ್ ಸೇರಿಸಿ ಆಕ್ಸಿಜನ್ ತೆಗೆದ ಸಿ12200. ಬಣ್ಣ ನೋಡಿ ಇವನ್ನು ಬೇರೆ ಮಾಡಲು ಆಗುವುದಿಲ್ಲ. ಎಲೆಕ್ಟ್ರೋಲೆಸ್ ನಿಕಲ್ ಪ್ಲೇಟಿಂಗ್ ಆದ ಮೇಲೆ ವೆಲ್ಡ್ ಮಾಡುತ್ತಿದ್ದರೆ ಅದೂ ಒಂದು ಕಾರಣ. ಆ ಲೇಪದಲ್ಲಿ ಫಾಸ್ಫರಸ್ ಇರುತ್ತದೆ. ಅದು ಬೇಗ ಕರಗುವ ಪದರವಾಗಿ ಉಳಿದು ಬಿರುಕು ತರುತ್ತದೆ. ವೆಲ್ಡ್ ಜಾಗ ಬಿಟ್ಟು ಪ್ಲೇಟಿಂಗ್ ಮಾಡಿಸಿ, ಅಥವಾ ವೆಲ್ಡ್ ಆದ ಮೇಲೆ ಮಾಡಿಸಿ.

ಸ್ಪ್ಯಾಟರ್ ಹತೋಟಿಗೆ ಬರದಿದ್ದರೆ ಮಷೀನ್ ಬಗ್ಗೆ ಯೋಚಿಸಬೇಕು. ನಡುವೆ ಚೂಪು ಬೀಮ್, ಸುತ್ತ ಉಂಗುರದ ಬೀಮ್ ಕೊಡುವ ಲೇಸರ್‌ಗಳು ಕೀಹೋಲ್ ಬಾಯನ್ನು ಅಗಲವಾಗಿ ಇಡುತ್ತವೆ, ಸಿಡಿತ ಕಡಿಮೆಯಾಗುತ್ತದೆ. 515 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ತಾಮ್ರ ಸುಮಾರು 40% ಹೀರುತ್ತದೆ, ಶುರುವಿನ ಆಳದ ಸಮಸ್ಯೆ ಅಲ್ಲಿ ಬಹಳ ಕಡಿಮೆ. ಆದರೆ ದುಬಾರಿ. ಇದ್ದ ಮಷೀನಿನಲ್ಲೇ ಮಾಡಬೇಕು ಅಂದರೆ ಸ್ಪೀಡ್ ಏರಿಸಿ, ಸ್ಪಾಟ್ ಚಿಕ್ಕದು ಮಾಡಿ, ವಾಬಲ್ ಹಾಕಿ (ಬೀಮನ್ನು ಸುತ್ತಿಸುತ್ತಾ ಓಡಿಸಿ) ನೋಡಿ. ಬೆಳಕು ವಾಪಸ್ ಲೇಸರಿಗೇ ಬರುತ್ತಿದೆ ಅನ್ನುವ ಬ್ಯಾಕ್ ರಿಫ್ಲೆಕ್ಷನ್ ಅಲಾರಂ ಬರುತ್ತಿದ್ದರೆ ತಲೆಯನ್ನು ಕೆಲವು ಡಿಗ್ರಿ ವಾಲಿಸಿ. ಅಲಾರಂ ಆಫ್ ಮಾಡಿ ಓಡಿಸುವವರನ್ನು ನೋಡಿದ್ದೇನೆ. ಸುಟ್ಟುಹೋದ ಲೇಸರ್ ಸೋರ್ಸ್‌ನ ಬೆಲೆ ಕೇಳಿದ ಮೇಲೆ ಯಾರೂ ಎರಡನೇ ಸಲ ಹಾಗೆ ಮಾಡುವುದಿಲ್ಲ.

ಕಣ್ಣಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತಾಮ್ರ ಎಸೆದ ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲ, ಸುಡುವುದು ಮಾತ್ರ ಸುಡುತ್ತದೆ. ಫೈಬರ್ ಲೇಸರ್‌ಗೆ ಕೊಟ್ಟ ಕನ್ನಡಕ ಹಸಿರು ಲೇಸರ್ ಹತ್ತಿರ ನಡೆಯುವುದಿಲ್ಲ, ಅದರ ಮೇಲೆ ಬರೆದಿರುವ ತರಂಗಾಂತರ ಓದಿ. ಕ್ಯಾಬಿನ್ ಬಾಗಿಲಿನ ಸ್ವಿಚ್‌ಗೆ ಟೇಪ್ ಸುತ್ತಿ ಫೋಕಸ್ ಹುಡುಕುವ ಚಾಳಿ ಎಲ್ಲೇ ಕಂಡರೂ ನಿಲ್ಲಿಸಿ.

ಅಲ್ಯೂಮಿನಿಯಂ

ಇಲ್ಲಿ ಇಬ್ಬರು ಶತ್ರುಗಳು: ಹೈಡ್ರೋಜನ್ ಮತ್ತು ಬಿರುಕು.

ಕರಗಿದ ಅಲ್ಯೂಮಿನಿಯಂ ಗಟ್ಟಿ ಅಲ್ಯೂಮಿನಿಯಂಗಿಂತ ಸುಮಾರು ಇಪ್ಪತ್ತು ಪಟ್ಟು ಹೈಡ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಅಷ್ಟನ್ನೂ ಉಗುಳಬೇಕು. ಲೇಸರ್ ವೆಲ್ಡ್ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂದರೆ ಗುಳ್ಳೆಗೆ ಮೇಲೆ ಬರಲು ಪುರಸೊತ್ತೇ ಇರುವುದಿಲ್ಲ. ಹೈಡ್ರೋಜನ್ ಬರುವುದು ಮೇಲ್ಮೈಯ ಆಕ್ಸೈಡ್ ಹೀರಿಕೊಂಡ ತೇವದಿಂದ, ಮಷೀನಿಂಗ್ ಕೂಲಂಟ್‌ನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಳ್ಳೆಯ ದೂರು ಜಾಸ್ತಿಯಾದರೆ ಆಶ್ಚರ್ಯವಿಲ್ಲ. ಕ್ಲೀನ್ ಮಾಡಿದ ಜಾಬನ್ನು ಅದೇ ಶಿಫ್ಟ್‌ನಲ್ಲಿ ವೆಲ್ಡ್ ಮಾಡಿ, ರಾತ್ರಿಯಿಡೀ ತೆರೆದ ಟ್ರೇಯಲ್ಲಿ ಇಡಬೇಡಿ. ಜಾಯಿಂಟ್‌ಗೆ ಹತ್ತಿರವಿರುವ ಸ್ಕ್ರೂ ತೂತುಗಳನ್ನು ವಿಶೇಷವಾಗಿ ನೋಡಿ. ಮೇಲೆ ಒಣಗಿದ್ದರೂ ತಳದಲ್ಲಿ ಕೂಲಂಟ್ ನಿಂತಿರುತ್ತದೆ, ವೆಲ್ಡಿನ ಬಿಸಿಗೆ ಆವಿಯಾಗಿ ಸೀಮ್‌ಗೆ ನುಗ್ಗುತ್ತದೆ. ಆನೋಡೈಸ್ ಆದ (ಆಕ್ಸೈಡ್ ಪದರ ಬೆಳೆಸಿದ) ಜಾಗದ ಮೇಲೆ ನೇರ ವೆಲ್ಡ್ ಮಾಡಬೇಡಿ, ಕೆರೆದು ತೆಗೆಯಿರಿ.

ಬಿರುಕಿನ ವಿಷಯ ಸರಳ. 6061 ಅನ್ನುವ ಗ್ರೇಡಿಗೆ ಅದನ್ನೇ ಜೋಡಿಸಿ ಫಿಲ್ಲರ್ ಇಲ್ಲದೆ ಲೇಸರ್ ಹೊಡೆದರೆ ನಡುಗೆರೆ ಬಿರುಕು ಬರುತ್ತದೆ. 6063 ಕೂಡ ಅಷ್ಟೇ. ಇದು ವೆಲ್ಡರ್ ತಪ್ಪೂ ಅಲ್ಲ, ಮಷೀನ್ ತಪ್ಪೂ ಅಲ್ಲ, ಆ ಮಿಶ್ರಲೋಹದ ಸ್ವಭಾವ. ವೆಲ್ಡ್‌ಗೆ ಸಿಲಿಕಾನ್ ಬೇಕು. 12% ಆಸುಪಾಸು ಸಿಲಿಕಾನ್ ಇರುವ 4047ರ ಮುಚ್ಚಳವನ್ನು 6061 ಬಾಡಿಗೆ ಹಾಕುವುದು ಹಳೆಯ, ನಂಬಬಹುದಾದ ದಾರಿ. ಅಥವಾ 4047 ವೈರ್ ಕೊಡಿ. ಡಿಸೈನ್ ಇನ್ನೂ ಕಾಗದದ ಮೇಲಿದ್ದರೆ 3003 ಕೇಳಿ ನೋಡಿ, ಬಿರುಕಿನ ಗೋಳು ಬಹಳ ಕಡಿಮೆ. 6061ರ ವೆಲ್ಡ್ ಪಕ್ಕದಲ್ಲಿ ಕಪ್ಪು ಮಸಿ ಕಂಡರೆ ಗಾಬರಿಯಾಗಬೇಡಿ, ಆವಿಯಾದ ಮೆಗ್ನೀಸಿಯಂ ಅದು. ಒರೆಸಿದರೆ ಹೋಗುತ್ತದೆ.

ಸ್ಟೇನ್‌ಲೆಸ್ ಮ್ಯಾನಿಫೋಲ್ಡ್

304ಎಲ್, 316ಎಲ್ ಲೇಸರ್‌ಗೆ ಹೇಳಿ ಮಾಡಿಸಿದ ಲೋಹಗಳು. ಇಲ್ಲಿ ಲೀಕ್ ಬಂದರೆ ಮುಕ್ಕಾಲು ಪಾಲು ಗ್ಯಾಪ್ ಕಾರಣ. ಗುಂಡು ಪೈಪಿಗೆ ಕವಲು ಕೂರಿಸುವಾಗ ಬಾಯಿ ಸರಿಯಾಗಿ ಕತ್ತರಿಸಿರುವುದಿಲ್ಲ, ಅಂಚಿನ ಬರ್ (ಚೂಪು ಮುಳ್ಳು) ಹಾಗೇ ಇರುತ್ತದೆ.

ಬಿರುಕು ಬಂತು ಅಂದರೆ ಫಿಟ್ಟಿಂಗ್ ಯಾವ ಗ್ರೇಡ್ ಅಂತ ಕೇಳಿ. ಲೇತ್‌ನಲ್ಲಿ ಸುಲಭವಾಗಿ ಕತ್ತರಿಸುತ್ತದೆ ಅಂತ 303ರಲ್ಲಿ ಮಾಡಿಕೊಟ್ಟಿರುತ್ತಾರೆ. ಅದರಲ್ಲಿ ಬೇಕೆಂದೇ ಗಂಧಕ ಸೇರಿಸಿರುತ್ತಾರೆ, ವೆಲ್ಡ್ ಮಾಡಿದರೆ ಸೀಳುತ್ತದೆ. ಫಿಟ್ಟಿಂಗನ್ನು 304ಎಲ್ ಅಥವಾ 316ಎಲ್‌ಗೆ ಬದಲಿಸುವುದು ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಪೈಪಿನ ಒಳಗಡೆಗೆ ಆರ್ಗಾನ್ ಬಿಡದಿದ್ದರೆ ವೆಲ್ಡ್ ಬೇರು (ಒಳಗಡೆಯ ತಳ) ಸುಟ್ಟು ಕಪ್ಪಗೆ ಹರಳುಗಟ್ಟುತ್ತದೆ. ಲೀಕ್ ಟೆಸ್ಟ್ ಪಾಸಾಗುತ್ತದೆ. ಆ ಹುಡಿ ಮಾತ್ರ ಮುಂದೆ ಕೂಲಂಟ್ ಜೊತೆ ಹೊರಟು ಕೋಲ್ಡ್ ಪ್ಲೇಟ್ ಸೇರುತ್ತದೆ. ಹೊರಗಡೆ ಕಬ್ಬಿಣದ ಬ್ರಷ್ ಹಾಕಿ ಉಜ್ಜಿದರೆ ತುಕ್ಕಿನ ಚುಕ್ಕಿ ಬರುತ್ತದೆ, ಸ್ಟೇನ್‌ಲೆಸ್ ಬ್ರಷ್ಷನ್ನೇ ಬಳಸಿ.

ಲೀಕ್ ಇಲ್ಲ, ಆದರೂ ವಾಪಸ್ ಬಂತು

ಕೋಲ್ಡ್ ಪ್ಲೇಟ್ ಫಿನ್‌ಗಳ ನಡುವಿನ ಸಂದಿ ಸುಮಾರು 0.1 ಮಿ.ಮೀ. ಇರುತ್ತದೆ. ಒಳಗೆ ಬಿದ್ದ ಒಂದು ಸ್ಪ್ಯಾಟರ್ ಹರಳು ಅಲ್ಲಿ ಸಿಕ್ಕಿಕೊಂಡರೆ ಆ ಸಂದಿಗೆ ನೀರಿಲ್ಲ, ಅದರ ಕೆಳಗಿನ ಚಿಪ್ ಭಾಗ ಕಾಯುತ್ತದೆ. ಲೀಕ್ ಟೆಸ್ಟ್‌ಗೆ ಇದು ಗೊತ್ತಾಗುವುದಿಲ್ಲ. ಲೀಕ್‌ಗೆ ಹೆದರಿ ಪವರ್ ಏರಿಸಿದ ಜಾಬ್‌ಗಳಲ್ಲೇ ಈ ಗೋಳು ಜಾಸ್ತಿ, ಯಾಕೆಂದರೆ ವೆಲ್ಡ್ ತಳ ದಾಟಿ ಒಳಗೆ ಸಿಡಿದಿರುತ್ತದೆ. ಸೆಕ್ಷನ್‌ನಲ್ಲಿ ವೆಲ್ಡ್ ಒಳಗೋಡೆ ಮುಟ್ಟಿದೆಯಾ ನೋಡಿ. ಬಾಡಿಯ ಅಂಚಿನಲ್ಲಿ ಮೆಟ್ಟಿಲು ಕೊಟ್ಟು ಮುಚ್ಚಳ ಕೂರಿಸಿದರೆ ಸಿಡಿದದ್ದನ್ನು ಆ ಮೆಟ್ಟಿಲೇ ತಡೆಯುತ್ತದೆ. ಎರಡೂ ದಿಕ್ಕಿನಲ್ಲಿ ಫ್ಲಷ್ ಮಾಡಿ, ಹೊರಬಂದ ನೀರನ್ನು ಬಿಳಿ ಫಿಲ್ಟರ್ ಕಾಗದದಲ್ಲಿ ಸೋಸಿ ಭೂತಗನ್ನಡಿಯಲ್ಲಿ ನೋಡಿ. ಗೊತ್ತಾದ ಹರಿವಿಗೆ ಪ್ರೆಷರ್ ಡ್ರಾಪ್ ಅಳೆದು, ಒಳ್ಳೆಯ ಜಾಬಿನ ಅಂಕಿಗೆ ಹೋಲಿಸಿ.

ತಳ ಬಾಗಿದೆ ಅನ್ನುವುದು ಇನ್ನೊಂದು ದೂರು. ಮುಚ್ಚಳದ ಕಡೆ ಸುತ್ತ ವೆಲ್ಡ್ ಆಗಿ ಕುಗ್ಗಿದಾಗ ತಳ ಉಬ್ಬುತ್ತದೆ, ಚಿಪ್ ಮೇಲೆ ಸಮನಾಗಿ ಕೂರುವುದಿಲ್ಲ. ಮೊದಲು ಎದುರು ಬದುರು ಟ್ಯಾಕ್ (ಚಿಕ್ಕ ಚುಕ್ಕಿ ವೆಲ್ಡ್) ಹಾಕಿ, ಕ್ಲ್ಯಾಂಪ್‌ನಲ್ಲೇ ತಣ್ಣಗಾಗಲು ಬಿಡಿ. ಅದಕ್ಕೂ ಸರಿಹೋಗದಿದ್ದರೆ ವೆಲ್ಡ್ ಆದ ಮೇಲೆ ತಳಕ್ಕೆ ಕೊನೆಯ ಮಷೀನಿಂಗ್ ಇಟ್ಟುಕೊಳ್ಳಿ.

ಮತ್ತೆ ವೆಲ್ಡ್ ಮಾಡಬಹುದಾ?

ಹೀಲಿಯಂನಲ್ಲಿ ಮಾತ್ರ ಟೆಸ್ಟ್ ಆಗಿ ಒಣಗಿರುವ ಜಾಬ್ ಆದರೆ, ಪಿನ್‌ಹೋಲ್ ಮೇಲೆ ಒಂದು ಸಲ ಹೊಡೆಯಬಹುದು. ಪೋರ್ಟ್ ತೆರೆದಿರಲಿ. ಬರೀ ಆ ಚುಕ್ಕಿ ಮೇಲೆ ಹೊಡೆಯಬೇಡಿ, ಎರಡೂ ಕಡೆ ಸ್ವಲ್ಪ ದೂರ ಸೇರಿಸಿ, ಕೊನೆಯಲ್ಲಿ ಪವರ್ ಇಳಿಸಿ. ನೀರಿಗೆ ಮುಳುಗಿಸಿದ ಜಾಬ್ ಆದರೆ ಓ-ರಿಂಗ್, ಪ್ಲಾಸ್ಟಿಕ್ ತೆಗೆದು ಓವನ್‌ನಲ್ಲಿ ಪೂರ್ತಿ ಒಣಗಿಸಿ, ಆಮೇಲೆ. ವ್ಯಾಕ್ಯೂಮ್ ಓವನ್ ಇದ್ದರೆ ಇನ್ನೂ ಒಳ್ಳೆಯದು. ಬಿರುಕು ಬಿಟ್ಟ ಜಾಬನ್ನು ಮತ್ತೆ ಕರಗಿಸಿದರೆ ಬಿರುಕು ಮುಂದಕ್ಕೆ ಓಡುತ್ತದೆ ಅಷ್ಟೇ.

ಕೂಲಂಟ್ ತುಂಬಿ ಓಡಿಸಿ ವಾಪಸ್ ಬಂದ ಪ್ಲೇಟನ್ನು ನಾನಾದರೆ ವೆಲ್ಡ್ ಮಾಡುವುದಿಲ್ಲ. ಎಷ್ಟು ತೊಳೆದರೂ ಸಂದಿಯಲ್ಲಿ ಗ್ಲೈಕಾಲ್ ಉಳಿದಿರುತ್ತದೆ, ಬೀಮ್ ಬಿದ್ದ ತಕ್ಷಣ ಕುದಿದು ಒಂದು ತೂತಿದ್ದಲ್ಲಿ ನಾಲ್ಕು ಮಾಡುತ್ತದೆ. ಅದನ್ನು ಕತ್ತರಿಸಿ ಸೆಕ್ಷನ್ ಮಾಡಿ, ಫೋಟೋ ಸಮೇತ ಫೈಲಿಗೆ ಸೇರಿಸಿ, ಬದಲಿಗೆ ಹೊಸದು ಕಳಿಸಿ. ರೀವರ್ಕ್ ಎಷ್ಟು ಸಲ ಒಪ್ಪಿಗೆ ಅನ್ನುವುದು ಡ್ರಾಯಿಂಗ್‌ನಲ್ಲಿ ಇಲ್ಲದಿದ್ದರೆ ಆರ್ಡರ್ ಹಿಡಿಯುವಾಗಲೇ ಗಿರಾಕಿಯಿಂದ ಬರೆಸಿಕೊಳ್ಳಿ. ರೀವರ್ಕ್ ಆದ ಜಾಬಿನ ಸೀರಿಯಲ್ ನಂಬರ್ ಬೇರೆ ಪುಸ್ತಕದಲ್ಲಿರಲಿ.